ಗಾಲಿಯ ಮೇಲಿನ ಮನೆ

ಹೋದ ವರ್ಷದ ಬೇಸಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಡೆನ್ವರ್ ನಗರಕ್ಕೆ ಹೋಗಿದ್ದೆ. ಒಂದು ಸಂಜೆ ಅಳಿಯಂದಿರು, "ಮಾವ, ಈ ಸಲದ ಪ್ರವಾಸಕ್ಕೆ ಹೋಟೆಲು ಬೇಡ, ಒಂದು ಆರ್.ವಿ. ಬಾಡಿಗೆಗೆ ತೆಗೆದುಕೊಳ್ಳೋಣ" ಎಂದರು. ಆರ್.ವಿ. ಎಂದರೆ ರಿಕ್ರಿಯೇಷನಲ್ ವೆಹಿಕಲ್. ನಾವು ವಿಹಾರ ವಾಹನ ಎನ್ನಬಹುದು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಇಷ್ಟನ್ನೂ ಗಾಲಿಯ ಮೇಲೆ ಹೊತ್ತು ತಿರುಗುವ ಮನೆ ಅದು. ಬಾಡಿಗೆಯವರ ಅಂಗಳದಲ್ಲಿ ಹತ್ತಾರು ಬಗೆಯವು ಸಾಲಾಗಿ ನಿಂತಿದ್ದುವು. ಯಾವುದು ಯಾವುದೆಂದು ನನಗೆ ದಿಕ್ಕೇ ತೋರಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಂಡರೆ ಆ ಸಂತೆಯೆಲ್ಲ ಎರಡೇ ಪಾಲಾಗಿಬಿಡುತ್ತದೆ: ಎಂಜಿನು ಮನೆಯಲ್ಲೇ ಇದೆಯೋ, ಅಥವಾ ಮುಂದೆ ಎಳೆಯುವ ಬೇರೊಂದು ವಾಹನದಲ್ಲಿದೆಯೋ?

ಎಳೆಯಿಸಿಕೊಳ್ಳುವ ಮನೆಯೇ ಹಳೆಯದು, ಕುದುರೆಯ ಕಾಲದ್ದು. ಬ್ರಿಟನ್ನಿನ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕ 1885ರಲ್ಲಿ ಬ್ರಿಸ್ಟಲಿನಲ್ಲಿ 'ವಾಂಡರರ್' ಎಂಬ ಗಾಡಿಮನೆಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿ ದೇಶ ಸುತ್ತಿದ. ಅಲ್ಲಿ ಇಂದಿಗೂ ಇದಕ್ಕೆ ಕ್ಯಾರವಾನ್ ಎಂದೇ ಹೆಸರು.

ಎಂಜಿನು ಮನೆಯಲ್ಲೇ ಇರುವುದನ್ನು ಮೋಟಾರು ಮನೆ ಎನ್ನುತ್ತಾರೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ವರ್ಗ. ಅಕ್ಷರದ ಕ್ರಮವೇ ಗಾತ್ರದ ಕ್ರಮವೆಂದು ತಿಳಿದರೆ ಮೋಸಹೋದೀರಿ, ನಾನು ಹೋದೆ. ಎ ವರ್ಗದ್ದು ಬಸ್ಸಿನಂಥದು, ಕೆಲವು 45 ಅಡಿ ಉದ್ದ ಇರುವುದೂ ಉಂಟು. ನಿಲ್ಲಿಸಿದ ಮೇಲೆ ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗ ಪೆಟ್ಟಿಗೆಯ ಅರೆಯಂತೆ ಹೊರಕ್ಕೆ ಜಾರಿ ಕೋಣೆ ಅಗಲವಾಗುತ್ತದೆ. ಬಿ ವರ್ಗದ್ದು ಎಲ್ಲಕ್ಕಿಂತ ಚಿಕ್ಕದು. ಸಾಮಾನ್ಯ ವ್ಯಾನಿನ ಹೊಟ್ಟೆಯಲ್ಲೇ ಸಂಸಾರವನ್ನು ಅಡಕಿದ್ದಾರೆ. 1951ರಿಂದ ಜರ್ಮನಿಯ ವೆಸ್ಟ್‌ಫಾಲಿಯಾದವರು ಫೋಕ್ಸ್‌ವ್ಯಾಗನ್ ವ್ಯಾನನ್ನು ಹೀಗೆ ಸಜ್ಜುಗೊಳಿಸಿ ಹೆಸರಾದರು. ಸಿ ಇವೆರಡರ ನಡುವಿನದು: ವ್ಯಾನಿನ ಮೂತಿ, ಹಿಂದೆ ಮನೆ, ಚಾಲಕನ ನೆತ್ತಿಯ ಮೇಲೆ ಅಟ್ಟದಂತೆ ಒಂದು ಹಾಸಿಗೆ. ಮಕ್ಕಳಿಗೆ ಆ ಅಟ್ಟವೇ ಬೇಕು.

ಎಳೆಯಿಸಿಕೊಳ್ಳುವ ಪಾಲಿನಲ್ಲಿ ಬಟ್ಟೆಯ ಮೇಲ್ಕಟ್ಟನ್ನು ಮಡಿಸಿಡಬಹುದಾದ ಹಗುರ ಗುಡಾರಗಾಡಿಯಿಂದ ಹಿಡಿದು, ವಾಲಿ ಬೈಯಮ್ 1936ರಲ್ಲಿ ಹೊರತಂದ 'ಕ್ಲಿಪ್ಪರ್' ಮಾದರಿಯ ಅಲ್ಯೂಮಿನಿಯಂ ಏರ್‌ಸ್ಟ್ರೀಮ್ ವರೆಗೆ ಅನೇಕವುಂಟು. ಎಲ್ಲಕ್ಕೂ ಟ್ರೇಲರ್ ಎಂದೇ ಹೆಸರು. ನಮ್ಮ ಟ್ರಾಕ್ಟರಿನ ಹಿಂದಿನದು ನಿಮಗೆ ತಿಳಿದದ್ದೇ. ಇದರ ಲಾಭವೆಂದರೆ, ಮನೆಯನ್ನು ಬೀಡಿನಲ್ಲಿ ಬಿಟ್ಟು ಕಾರಿನಲ್ಲಿ ಊರು ನೋಡಿಬರಬಹುದು. ಮೋಟಾರು ಮನೆಯವರು ಹಾಲು ತರಬೇಕಾದರೂ ಹಾಸಿಗೆ ಪಾತ್ರೆ ಸಮೇತ ಹೊರಡಬೇಕು. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬೆಟ್ಟದ ರಸ್ತೆಯಲ್ಲಿಯಂತೂ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವೇ ಇಲ್ಲ.

ಹೀಗೆ ಯೋಚಿಸಿ ನಾವು ಟ್ರೇಲರನ್ನೇ ಆರಿಸಿದೆವು. ಮಗಳು ಅಕ್ಕಿ, ಬೇಳೆ, ರುಬ್ಬುವ ಯಂತ್ರ ಎಲ್ಲವನ್ನೂ ಹಿಂದುಗಡೆಯ ಅಡಿಗೆಯ ಬೀರುವಿನಲ್ಲಿ ತುಂಬಿದಳು. ಅಳಿಯಂದಿರು ನಾಲ್ಕು ಸೈಕಲ್ಲುಗಳನ್ನು ಹಿಂದಿನ ಕಂಬಿಗೆ ಬಿಗಿದರು. ಬೆಟ್ಟದ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ರಭಸದಿಂದ ದಾಟಿತು. ಅದರ ಗಾಳಿಗೆ ನಮ್ಮ ಮನೆ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಬಾಲ ಬೀಸತೊಡಗಿತು. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಕಾರೂ ಅದರೊಡನೆ ಒಲೆಯಿತು. ಮೊಮ್ಮಗಳು "ತಾತಾ" ಎಂದು ನನ್ನ ತೋಳನ್ನು ಹಿಡಿದುಕೊಂಡಳು.

ಅಳಿಯಂದಿರ ಕಾಲು ಬ್ರೇಕಿನ ಮೇಲೆ ಹೋಗದಿದ್ದುದು ನಮ್ಮ ಪುಣ್ಯ. ಇಂಥ ಹೊತ್ತಿನಲ್ಲಿ ಕಾರಿನ ಬ್ರೇಕನ್ನು ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಎರಡೂ ಮಡಿಚಿಕೊಳ್ಳುತ್ತವೆ. ಅವರು ವೇಗದ ಪೆಡಲಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರಿಗೆಂದೇ ಇರುವ ಕೈಬ್ರೇಕಿನ ಗುಂಡಿಯನ್ನು ಮೆಲ್ಲಗೆ ಒತ್ತಿದರು. ಹಿಂದಿನದು ಜಗ್ಗಿ ನಿಂತಿತು, ಸಾಲು ನೆಟ್ಟಗಾಯಿತು.

ಬದಿಯಲ್ಲಿ ನಿಲ್ಲಿಸಿ ಇಳಿದು ನೋಡಿದಾಗ ನನಗೆ ಕಂಡದ್ದು ನಮ್ಮೂರ ಎತ್ತಿನ ಗಾಡಿ. ಮೂಟೆಗಳನ್ನು ಅಚ್ಚಿನ ಹಿಂದಕ್ಕೆ ಪೇರಿಸಿದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲು ಬಿಟ್ಟು ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಎತ್ತು ಕುಸಿಯುತ್ತದೆ. "ಮೂಕಿ ಎತ್ತುತ್ತೆ ಕಣೋ, ಮೂಟೆ ಮುಂದಕ್ಕೆ ಎಳಿ" ಎಂದು ನಮ್ಮ ತಂದೆ ಕೂಗುತ್ತಿದ್ದುದು ಕಿವಿಯಲ್ಲಿ ಬಂತು. ಟ್ರೇಲರಿನ ಶಾಸ್ತ್ರವೂ ಇದೇ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. 2,000 ಕಿಲೋ ಮನೆಯಾದರೆ 200ರಿಂದ 300 ಕಿಲೋ. ಕಡಿಮೆಯಾದರೆ ಬಾಲ ಬೀಸುತ್ತದೆ. ಹೆಚ್ಚಾದರೆ ಕಾರಿನ ಹಿಂಬದಿ ಕುಸಿದು, ಮುಂದಿನ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ.

'ಐದನೆಯ ಗಾಲಿ' ಎಂಬ ದೊಡ್ಡ ಟ್ರೇಲರು ಹೆಚ್ಚು ಸ್ಥಿರವಾಗಿರುವುದೂ ಇದರಿಂದಲೇ. ಅದರ ಕೊಂಡಿ ವಾಹನದ ಬಾಲದಲ್ಲಿಲ್ಲ. ತೆರೆದ ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೆತ್ತಿಯ ಮೇಲಿದೆ. ಐದನೆಯ ಗಾಲಿ ಎಲ್ಲಿ ಎಂದು ನಾನೂ ಹುಡುಕಿದೆ. ಹಿಂದೆ ಕುದುರೆ ಸಾರೋಟಿನ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಮಲಗಿಸಿದ್ದ ಚಕ್ರದ ಹೆಸರು ಅದು. ಚಕ್ರ ಹೋಗಿ ಹೆಸರು ಉಳಿದಿದೆ.

ನೀರಿನ ತೂಕವನ್ನೂ ಮರೆಯುವಂತಿಲ್ಲ. 150 ಲೀಟರಿನ ತೊಟ್ಟಿ ತುಂಬಿದರೆ 150 ಕಿಲೋ ಏರಿತೆಂದೇ ಲೆಕ್ಕ. ಪಾತ್ರೆ ತೊಳೆದ ನೀರಿಗೊಂದು, ಶೌಚದ ನೀರಿಗೊಂದು ಬೇರೆ ತೊಟ್ಟಿಗಳಿವೆ. ಅವು ಖಾಲಿಯಾಗಿ ಹೊರಟು ದಾರಿಯಲ್ಲಿ ತುಂಬುತ್ತವೆ, ಆದ್ದರಿಂದ ಬೆಳಗಿನ ಸಮತೋಲ ಸಂಜೆಗೆ ಇರುವುದಿಲ್ಲ. ಎಷ್ಟು ಸರಕು ಹೊರಬಹುದೆಂದು ಪ್ರತಿ ವಾಹನಕ್ಕೂ ಚೀಟಿ ಅಂಟಿಸಿರುತ್ತಾರೆ. ನಮ್ಮದರ ಚೀಟಿಯನ್ನು ಅಂದು ರಸ್ತೆಯ ಬದಿಯಲ್ಲಿ ಮೊದಲ ಸಲ ಓದಿದೆವು.

ಅರ್ಧ ಗಂಟೆಯಲ್ಲಿ ಸಾಮಾನನ್ನೆಲ್ಲ ಮತ್ತೆ ಹೊಂದಿಸಿದೆವು. ಎರಡು ಸೈಕಲ್ಲು ಕಾರಿನ ಮಾಡಿಗೇರಿದುವು, ಎರಡು ಟ್ರೇಲರಿನ ಮುಂಭಾಗಕ್ಕೆ ಬಂದುವು. ಅಕ್ಕಿಯ ಚೀಲವೂ ರುಬ್ಬುವ ಯಂತ್ರವೂ ಅಚ್ಚಿಗಿಂತ ತುಸು ಮುಂದೆ, ನೆಲದ ಮೇಲೆ ಕುಳಿತುವು. ಹೊರಡುವ ಮುನ್ನ ಅಳಿಯಂದಿರು ನನ್ನ ಮುಖ ನೋಡಿ, "ಮೂಕಿ ಸರಿಯಾಯಿತೆ, ಮಾವ?" ಎಂದು ಕೇಳಿದರು.