ಹವ್ಯಾಸಿ ಕಂಠಗಳ ಸಂಯೋಜಕ

ಡಿಸೆಂಬರ್ ಹತ್ತಿರವಾದಂತೆ ಇಂಗ್ಲೆಂಡಿನ ಚರ್ಚುಗಳಲ್ಲಿ, ಶಾಲೆಗಳ ಸಭಾಂಗಣಗಳಲ್ಲಿ ಕ್ರಿಸ್‌ಮಸ್ ಹಾಡುಗಳ ತಾಲೀಮು ಬಿರುಸಾಗುತ್ತದೆ. ಹಾಡುವವರಲ್ಲಿ ಬಹುಮಂದಿ ವೃತ್ತಿಪರ ಗಾಯಕರಲ್ಲ. ಹಗಲೆಲ್ಲ ಬೇರೆ ಕೆಲಸ ಮಾಡಿ, ಸಂಜೆ ಹಾಡಲೆಂದು ಬಂದು ಸೇರುವವರು. ಅವರ ಕೈಯಲ್ಲಿರುವ ಸ್ವರಲಿಪಿಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಜಾನ್ ರಟರ್.

ರಟರ್ ಹುಟ್ಟಿದ್ದು 1945ರಲ್ಲಿ, ಲಂಡನ್ನಿನಲ್ಲಿ. ಅಲ್ಲಿನ ಹೈಗೇಟ್ ಶಾಲೆಯಲ್ಲಿ ಓದು. ಮುಂದೆ ಹೆಸರಾಂತ ಸಂಯೋಜಕರಾದ ಜಾನ್ ಟ್ಯಾವನರ್ ಅದೇ ಶಾಲೆಯ ಗೆಳೆಯ. 1963ರಲ್ಲಿ ಬೆಂಜಮಿನ್ ಬ್ರಿಟನ್ ತಮ್ಮ ‘ವಾರ್ ರಿಕ್ವಿಯಮ್’ ಕೃತಿಯನ್ನು ಧ್ವನಿಮುದ್ರಿಸಿದಾಗ ಬಾಲಕರ ಮೇಳದ ಭಾಗವನ್ನು ಹಾಡಿದವರು ಹೈಗೇಟ್ ವಿದ್ಯಾರ್ಥಿಗಳು. ಅವರಲ್ಲಿ ರಟರ್ ಕೂಡ ಒಬ್ಬರು.

ಮುಂದೆ ಕೇಂಬ್ರಿಜ್‌ನ ಕ್ಲೇರ್ ಕಾಲೇಜು. ವಿದ್ಯಾರ್ಥಿಯಾಗಿದ್ದಾಗಲೇ ಬರೆದ ‘ಶೆಪರ್ಡ್ಸ್ ಪೈಪ್ ಕ್ಯಾರಲ್’ ಮನೆಮಾತಾಯಿತು. ಕಿಂಗ್ಸ್ ಕಾಲೇಜಿನ ವೃಂದ ನಿರ್ದೇಶಕ ಡೇವಿಡ್ ವಿಲ್‌ಕಾಕ್ಸ್ ಈ ತರುಣನ ಶಕ್ತಿಯನ್ನು ಗುರುತಿಸಿದರು. ಇಬ್ಬರೂ ಸೇರಿ ಸಂಪಾದಿಸಿದ ‘ಕ್ಯಾರಲ್ಸ್ ಫಾರ್ ಕ್ವೈರ್ಸ್’ ಎರಡನೆಯ ಸಂಪುಟ 1970ರಲ್ಲಿ ಹೊರಬಂತು. 1975ರಿಂದ 1979ರವರೆಗೆ ಕ್ಲೇರ್ ಕಾಲೇಜಿನ ಸಂಗೀತ ನಿರ್ದೇಶಕರಾಗಿದ್ದ ರಟರ್, 1981ರಲ್ಲಿ ‘ಕೇಂಬ್ರಿಜ್ ಸಿಂಗರ್ಸ್’ ತಂಡವನ್ನು ಕಟ್ಟಿದರು. ಧ್ವನಿಮುದ್ರಣವೇ ಅದರ ಮುಖ್ಯ ಉದ್ದೇಶ.

ಪಾಶ್ಚಾತ್ಯ ವೃಂದಗಾನದಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಹಾಡುವುದಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಗುಂಪುಗಳಿಗೆ ನಾಲ್ಕು ಬೇರೆ ಬೇರೆ ಸ್ವರಸಾಲುಗಳು. ಅವು ಕೂಡಿದಾಗಲೇ ಹಾಡು ಪೂರ್ಣ. ಪಕ್ಕದವರ ಸಾಲಿಗೆ ಜಾರದೆ ತನ್ನ ಸಾಲನ್ನು ಹಿಡಿದು ನಿಲ್ಲುವುದು ಹವ್ಯಾಸಿಗೆ ಸುಲಭವಲ್ಲ. ರಟರ್ ಈ ಕಷ್ಟವನ್ನು ಬಲ್ಲವರು. ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವ ಧಾಟಿ, ಕಂಠಕ್ಕೆ ಒಗ್ಗುವ ಬರವಣಿಗೆ ಅವರ ಹೆಗ್ಗಳಿಕೆ.

ಇದೇ ಗುಣ ಆಕ್ಷೇಪಕ್ಕೂ ಕಾರಣವಾಯಿತು. ರಟರ್ ಸಂಗೀತದಲ್ಲಿ ಸಿಹಿ ಹೆಚ್ಚು, ಭಾವುಕತೆ ಹೆಚ್ಚು ಎಂಬುದು ಬ್ರಿಟನ್ನಿನ ಹಲವು ವಿಮರ್ಶಕರ ಮಾತು. ಅಮೆರಿಕ ಮಾತ್ರ ಅವರನ್ನು ಮೊದಲಿನಿಂದಲೂ ತೆರೆದ ಮನಸ್ಸಿನಿಂದ ಬರಮಾಡಿಕೊಂಡಿತು. 1974ರ ‘ಗ್ಲೋರಿಯಾ’ ನೆಬ್ರಾಸ್ಕದ ಒಮಾಹ ನಗರದಿಂದ ಬಂದ ಕೋರಿಕೆಯ ಮೇರೆಗೆ ರಚಿತವಾದದ್ದು. 1990ರ ‘ಮ್ಯಾಗ್ನಿಫಿಕಾಟ್’ ಮೊದಲು ಕೇಳಿಸಿದ್ದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ.

ಹಾಗಾದರೆ ಸರಳ ಸಂಗೀತದಲ್ಲಿ ಆಳ ಇರಲಾರದೆ? 1985ರ ‘ರಿಕ್ವಿಯಮ್’ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ರಿಕ್ವಿಯಮ್ ಎಂದರೆ ಮೃತರ ಚಿರಶಾಂತಿಗಾಗಿ ಹಾಡುವ ಪ್ರಾರ್ಥನೆ. ಅದಕ್ಕೆ ಮೊದಲು ರಟರ್ ಫ್ರೆಂಚ್ ಸಂಯೋಜಕ ಫೋರೆಯ ರಿಕ್ವಿಯಮ್‌ನ ಹಸ್ತಪ್ರತಿಯನ್ನು ಪ್ಯಾರಿಸ್ಸಿನಲ್ಲಿ ಪರಿಶೀಲಿಸಿ, ಸಣ್ಣ ವಾದ್ಯಮೇಳಕ್ಕಾಗಿ ಬರೆದಿದ್ದ ಹಿಂದಿನ ರೂಪವನ್ನು ಸಂಪಾದಿಸಿದ್ದರು. ತಂದೆಯ ನೆನಪಿಗೆ ತಾವೇ ರಿಕ್ವಿಯಮ್ ಬರೆಯುವಾಗ ಫೋರೆಯ ದಾರಿಯನ್ನೇ ಹಿಡಿದರು. ಅಂತಿಮ ತೀರ್ಪಿನ ದಿನದ ಭಯಾನಕ ವರ್ಣನೆಯನ್ನು ಕೈಬಿಟ್ಟು, ಲ್ಯಾಟಿನ್ ಪ್ರಾರ್ಥನೆಗಳ ಜೊತೆಗೆ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ಮಾತುಗಳನ್ನು ಸೇರಿಸಿದರು. ಏಳು ಭಾಗಗಳ ಈ ಕೃತಿಯಲ್ಲಿ 130ನೆಯ ಕೀರ್ತನೆಯ ಆರ್ತ ಮೊರೆಗೆ ದನಿಗೂಡಿಸುವುದು ಒಂಟಿ ಚೆಲ್ಲೊ. ಇಷ್ಟಾಗಿಯೂ ರಟರ್ ತಮ್ಮನ್ನು ದೃಢ ಆಸ್ತಿಕರೆಂದು ಕರೆದುಕೊಂಡವರಲ್ಲ.

2001ರಲ್ಲಿ ಇನ್ನೊಂದು ಆಘಾತ ಕಾದಿತ್ತು. ತಂದೆ ಓದಿದ ಕ್ಲೇರ್ ಕಾಲೇಜಿನಲ್ಲೇ ಓದುತ್ತಿದ್ದ ಮಗ ಅಪಘಾತದಲ್ಲಿ ತೀರಿಕೊಂಡ. ಆ ದುಃಖದ ನಂತರ, 2003ರಲ್ಲಿ ಬಂದದ್ದು ‘ಮಾಸ್ ಆಫ್ ದ ಚಿಲ್ಡ್ರನ್’. ಇಲ್ಲಿ ಮಕ್ಕಳ ಮೇಳ ಹಿರಿಯರ ಮೇಳದ ಜೊತೆ ಹಾಡುತ್ತದೆ. ನಲವತ್ತು ವರ್ಷಗಳ ಹಿಂದೆ ಬ್ರಿಟನ್ನರ ಧ್ವನಿಮುದ್ರಣದಲ್ಲಿ ಶಾಲಾ ಹುಡುಗ ರಟರ್ ಕಂಡಿದ್ದೂ ಇಂಥದೇ ಕೂಟವನ್ನು.

2011ರಲ್ಲಿ ರಾಜಕುಮಾರ ವಿಲಿಯಂ ಮದುವೆಗೆ ಹೊಸ ಹಾಡು ಬರೆದ ರಟರ್ ಅವರಿಗೆ 2024ರಲ್ಲಿ ‘ಸರ್’ ಪದವಿ ಸಂದಿತು. ವಿಮರ್ಶಕರ ತಕರಾರು ಏನೇ ಇರಲಿ, ಅವರು ನಡೆಸುತ್ತ ಬಂದಿರುವ ಒಂದು ದಿನದ ಹಾಡುಕೂಟಗಳಿಗೆ ಜನ ಬರುತ್ತಲೇ ಇದ್ದಾರೆ. ಬೆಳಿಗ್ಗೆ ಅಪರಿಚಿತರಾಗಿ ಬಂದವರು, ಸಂಜೆಯ ಹೊತ್ತಿಗೆ ನಾಲ್ಕು ದನಿಗಳಲ್ಲಿ ಒಟ್ಟಾಗಿ ಹಾಡುತ್ತಾರೆ.