ರಿಪೇರಿ ಬಟನ್ ಒತ್ತೋ ಮೊದಲು ಒಂದು ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂದ್ರೆ ಅಡಿಕೆ. ಅಡಿಕೆ ಅಂದ್ರೆ ಸೊಸೈಟಿ. ಬೆಳೆಸಾಲ, ಅಡಿಕೆ ಮಾರಿದ ದುಡ್ಡು, ಗೊಬ್ಬರದ ಬಾಕಿ, ಮಗಳ ಮದುವೆಗೆ ಇಟ್ಟ ಠೇವಣಿ ಎಲ್ಲವೂ ಅಲ್ಲಿ ಲೆಕ್ಕವಾಗಿ ಕೂತಿರುತ್ತೆ. ಒಂದು ಕಾಲಕ್ಕೆ ಅದು ಕಿರ್ದಿ, ಖತಾವಣಿ ಪುಸ್ತಕದಲ್ಲಿತ್ತು. ಈಗ ಕಂಪ್ಯೂಟರಿನಲ್ಲಿದೆ.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಎಲ್ಲ ಸಂಘಕ್ಕೂ ಒಂದೇ ಬಗೆಯ ಸಾಫ್ಟ್‌ವೇರ್. ಒಳ್ಳೇದೇ. ಆದರೆ ಯಾವ ಕಚೇರಿಯೇ ಇರಲಿ, ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗೋದು ಮನೆ ಬದಲಾಯಿಸಿದ ಹಾಗೆ. ಸಾಮಾನು ಒಡೆಯೋದು ಆವಾಗಲೇ.

ಏನಾಗುತ್ತೆ ಗೊತ್ತಾ? ಹೊಸ ಆವೃತ್ತಿ ಹಾಕಿದ ವಾರಕ್ಕೆ ‘ಡೇಟಾಬೇಸ್ ಕರಪ್ಟ್’ ಅಂತ ಪರದೆ ಮೇಲೆ ಬರುತ್ತೆ. ಗುಮಾಸ್ತರು ರಿಪೇರಿ ಬಟನ್ ಒತ್ತುತ್ತಾರೆ. ಸರಿಯಾಗುತ್ತೆ. ನಾಲ್ಕು ದಿನಕ್ಕೆ ಮತ್ತೆ ಅದೇ ರಾಗ. ಯಾಕೆ? ರಿಪೇರಿ ಅಂದ್ರೆ ಗಾಯಕ್ಕೆ ಪಟ್ಟಿ ಕಟ್ಟಿದ್ದು ಅಷ್ಟೇ, ಚುಚ್ಚೋ ಮುಳ್ಳು ಅಲ್ಲೇ ಇದೆ. ಕೆಲವು ರಿಪೇರಿ ಸಾಧನಗಳು ಓದಲಾಗದ ಸಾಲನ್ನೇ ಕಿತ್ತು ಹಾಕಿ ಫೈಲ್ ಸರಿಯಾಯ್ತು ಅನ್ನುತ್ತವೆ. ಆ ಸಾಲಿನಲ್ಲಿ ಯಾರೋ ಕಟ್ಟಿದ ಕಂತು ಇದ್ದರೆ?

ಹಾಗಾದ್ರೆ ಮುಳ್ಳು ಎಲ್ಲಿ? ನಾಲ್ಕು ಕಡೆ ಹುಡುಕಿ. ಒಂದು, ಕರೆಂಟು. ಮಲೆನಾಡಿನ ಮಳೆಗಾಲ ಹೇಳಬೇಕಾ? ಲೆಕ್ಕ ಬರೆಯೋ ಕ್ಷಣಕ್ಕೆ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅರ್ಧ ಹೊಸದು, ಅರ್ಧ ಹಳೇದು ಉಳಿಯುತ್ತೆ. ಎರಡು, ಹಳೇ ಹಾರ್ಡ್ ಡಿಸ್ಕ್. ಮೂರು, ನಾಲ್ಕು ಕಂಪ್ಯೂಟರಲ್ಲಿ ಮೂರಕ್ಕೆ ಮಾತ್ರ ಹೊಸ ಆವೃತ್ತಿ. ನಾಲ್ಕನೇದು ಹಳೇ ನಮೂನೆಯಲ್ಲೇ ಬರೀತಿದೆ. ನಾಲ್ಕು, ಅಪ್‌ಗ್ರೇಡ್‌ಗೆ ಮೊದಲೇ ಒಳಗೆ ಕೆಟ್ಟಿದ್ದ ದಾಖಲೆ. ಹಳೇ ಸಾಫ್ಟ್‌ವೇರ್ ಅದನ್ನ ಸಹಿಸಿಕೊಂಡಿತ್ತು, ಹೊಸದು ಸಹಿಸೋದಿಲ್ಲ.

ಕ್ರಮವೂ ಮುಖ್ಯ. ದೋಷ ಕಂಡ ಕೂಡಲೇ ಎಂಟ್ರಿ ನಿಲ್ಲಿಸಿ. ಕೆಟ್ಟ ಫೈಲನ್ನೇ ಇದ್ದ ಹಾಗೆ ಪ್ರತಿ ಮಾಡಿ ಎತ್ತಿಡಿ, ಅದು ಸಾಕ್ಷಿ. ದೋಷ ಬಂದ ದಿನ, ಹೊತ್ತು, ಯಾವ ಕಂಪ್ಯೂಟರ್ ಅಂತ ಬರೆದಿಡಿ. ಮೂರು ಸಲ ಬರೆದರೆ ಸುಳಿವು ತಾನೇ ಸಿಗುತ್ತೆ. ಹಳೇ ಬ್ಯಾಕಪ್ಪನ್ನ ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಕೊನೆಗೆ ಶಿಲ್ಕು ತಾಳೆಯಾಗುತ್ತಾ, ರಸೀದಿ ಜೊತೆ ಹೋಲಿಸಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಬ್ರಿಟನ್ನಿನ ಕತೆ ಕೇಳಿ. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಿಂದ ಹೊರೈಜನ್ ಅನ್ನೋ ಸಾಫ್ಟ್‌ವೇರ್ ಬಂತು. ಅದು ಇಲ್ಲದ ಕೊರತೆ ತೋರಿಸಿತು. ಯಂತ್ರ ಸುಳ್ಳು ಹೇಳುತ್ತಾ ಅಂತ ಎಲ್ಲರೂ ಅದನ್ನೇ ನಂಬಿದರು. 900ಕ್ಕೂ ಹೆಚ್ಚು ಅಂಚೆಯವರು ಅಪರಾಧಿಗಳಾದರು, ಕೆಲವರು ಜೈಲಿಗೆ ಹೋದರು. ಆ ಕಳಂಕ ಅಳಿಸೋದಕ್ಕೆ 2024ರಲ್ಲಿ ಸಂಸತ್ತು ವಿಶೇಷ ಕಾನೂನನ್ನೇ ತರಬೇಕಾಯ್ತು.

ನಮ್ಮಲ್ಲೂ ಲೆಕ್ಕ ತಾಳೆಯಾಗದಿದ್ದರೆ ಮೊದಲ ಬೆರಳು ಹೋಗೋದು ಕೌಂಟರಿನಲ್ಲಿ ಕೂತವರ ಕಡೆಗೆ. ತಪ್ಪು ಮನುಷ್ಯನದ್ದೂ ಇರಬಹುದು. ಆದರೆ ಯಂತ್ರವನ್ನ ವಿಚಾರಿಸದೆ ಮನುಷ್ಯನಿಗೆ ಶಿಕ್ಷೆ ಕೊಡೋದು ನ್ಯಾಯವಲ್ಲ. ಆಡಳಿತ ಮಂಡಳಿಯವರೇ, ಹೊಸ ಸಾಫ್ಟ್‌ವೇರ್ ಜೊತೆ ಹೊಸ ಬ್ಯಾಟರಿಗೂ ಠರಾವು ಮಾಡಿ. ಸದಸ್ಯರೇ, ರಸೀದಿ ಬಿಸಾಡಬೇಡಿ. ಕಂಪ್ಯೂಟರ್ ಮರೆತಾಗ ನಿಮ್ಮ ಪರವಾಗಿ ಮಾತಾಡೋದು ಅದೊಂದೇ ಚೀಟಿ.