ಹಳೇ ದೋಣಿಯ ತಪಾಸಣೆ: ದುಡ್ಡು ಯಾರ ಜೇಬಿನಿಂದ?

ಲಿವೋನಿಯಾ (ಮಿಷಿಗನ್): ಹಿಮ ಕರಗಿತೆಂದರೆ ಡೆಟ್ರಾಯಿಟ್ ಸುತ್ತಮುತ್ತ ಬಿಳಿ ಪ್ಲಾಸ್ಟಿಕ್ ಹೊದ್ದು ಮಲಗಿದ್ದ ದೋಣಿಗಳು ಹೊರಬರುತ್ತವೆ. ಕೆಲವಕ್ಕೆ ‘ಮಾರಾಟಕ್ಕಿದೆ’ ಎಂಬ ಚೀಟಿಯೂ ಅಂಟಿರುತ್ತದೆ. 11 ಸಾವಿರಕ್ಕೂ ಹೆಚ್ಚು ಕೆರೆಗಳಿರುವ ರಾಜ್ಯವಿದು. ನಮ್ಮೂರಿನ ನ್ಯೂಬರ್ಗ್ ಕೆರೆಗೆ ಕಯಾಕ್ ಸಾಕು. ಆದರೆ ಪೂರ್ವದ ಸೇಂಟ್ ಕ್ಲೇರ್ ಸರೋವರ ನೋಡಿ ಬಂದವರಿಗೆ, ಎರಡು ಮನೆಯವರು ಸೇರಿ ಒಂದು ಹಳೇ ಮೋಟಾರು ದೋಣಿ ಕೊಂಡರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ. ತಕರಾರು ಶುರುವಾಗುವುದು ತಪಾಸಣೆಯ ಖರ್ಚಿನಲ್ಲಿ. ‘ಮಾರುವವನು ಅವನು, ಚೆನ್ನಾಗಿದೆ ಅಂತ ಅವನೇ ತೋರಿಸಲಿ’ ಎನ್ನುವವರೇ ಹೆಚ್ಚು.

ಇಲ್ಲಿನ ವಾಡಿಕೆ ಬೇರೆ. ಸರ್ವೇಯರ್‌ಗೆ ದುಡ್ಡು ಕೊಡುವವನು ಕೊಳ್ಳುವವನೇ. ಅದೇ ಸರಿ ಎಂಬುದು ನಮ್ಮ ಅಭಿಪ್ರಾಯ ಕೂಡ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತ ಎತ್ತಿನ ಹಲ್ಲು ನೋಡಲು ತನ್ನ ಕಡೆಯ ಅನುಭವಸ್ಥನನ್ನು ಕರೆದೊಯ್ಯುತ್ತಾನೆಯೇ ಹೊರತು ಮಾರುವವನ ಭಾವಮೈದುನನನ್ನು ಕೇಳುವುದಿಲ್ಲ. ಸಂಬಳ ಕೊಟ್ಟವನಿಗೇ ವರದಿ ಸಲ್ಲುತ್ತದೆ. ಮಾರುವವನ ಕಪಾಟಿನಲ್ಲಿರುವ ಹಳೇ ವರದಿಯನ್ನು ಓದಬಹುದು, ನಂಬಿ ಚೆಕ್ ಬರೆಯಬಾರದು.

ಶುಲ್ಕ ಸಾಮಾನ್ಯವಾಗಿ ಅಡಿ ಲೆಕ್ಕ. ಅಡಿಗೆ 20ರಿಂದ 30 ಡಾಲರ್ ಹಿಡಿದರೆ 24 ಅಡಿಯ ದೋಣಿಗೆ 480ರಿಂದ 720 ಡಾಲರ್. ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಒಡಲನ್ನು ಬಡಿದು ಸದ್ದು ಕೇಳುತ್ತಾನೆ, ತೇವ ಅಳೆಯುತ್ತಾನೆ. ಮೇಲೆ ಹೊಳೆಯುವ ಫೈಬರ್ ಗ್ಲಾಸ್, ಒಳಗೆ ಕೊಳೆತ ಮರ; ಇದು ಕಣ್ಣಿಗೆ ಕಾಣುವ ರೋಗವಲ್ಲ. ತಳ ನೋಡಲು ದೋಣಿಯನ್ನು ನೀರಿನಿಂದ ಎತ್ತಿಸುವ ಬಾಡಿಗೆಯೂ ಕೊಳ್ಳುವವನದೇ. ಎಂಜಿನ್‌ಗೆ ಬೇರೆ ಮೆಕ್ಯಾನಿಕ್ ಬೇಕಾಗುವುದುಂಟು, ಅವನ ಬಿಲ್ಲೂ ಬೇರೆ. ನೀರಿನಲ್ಲಿ ಓಡಿಸಿ ತೋರಿಸುವುದು ಮಾತ್ರ ಸಾಮಾನ್ಯವಾಗಿ ಮಾರುವವನ ಕೆಲಸ, ಪೆಟ್ರೋಲೂ ಅವನದೇ.

ಚಳಿಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇಲ್ಲಿ ಎಡವುತ್ತಾರೆ. ಕೆರೆ ಹೆಪ್ಪುಗಟ್ಟಿದಾಗ ಓಡಿಸಿ ನೋಡುವುದೆಲ್ಲಿ? ಎಂಜಿನ್‌ನಲ್ಲಿ ಉಳಿದ ನೀರು ಮಂಜುಗಡ್ಡೆಯಾಗಿ ಬ್ಲಾಕ್ ಸೀಳಿದ್ದರೆ ಗೊತ್ತಾಗುವುದು ವಸಂತದಲ್ಲೇ. ಆದ್ದರಿಂದ ಮುಂಗಡ ಕೊಡುವಾಗಲೇ ‘ತಪಾಸಣೆ ಮತ್ತು ನೀರಿನ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ಹಣ ವಾಪಸ್’ ಎಂದು ಬರೆಸಿಕೊಳ್ಳಬೇಕು. ಬಾಯಿ ಮಾತು ಸಾಲದು, ಎದುರಿಗಿರುವವರು ನಮ್ಮ ಕನ್ನಡದವರೇ ಆದರೂ ಸರಿ.

ವರದಿಯಲ್ಲಿ ದೋಷ ಕಂಡರೆ ‘ಸರ್ವೇಯರ್ ಶುಲ್ಕದಲ್ಲಿ ಅರ್ಧ ಕೊಡಿ’ ಎಂದು ಜಗಳಕ್ಕೆ ನಿಲ್ಲುವ ಅಗತ್ಯವಿಲ್ಲ. ರಿಪೇರಿಯ ಅಂದಾಜು ಮುಂದಿಟ್ಟು ಬೆಲೆ ಇಳಿಸಲು ಕೇಳಿದರಾಯಿತು. ವ್ಯಾಪಾರವೇ ಮುರಿದರೆ ಶುಲ್ಕ ಹೋಯಿತು, ನಿಜ. ಎರಡು ಮನೆಯವರು ಸೇರಿ ಕೊಳ್ಳುವುದಾದರೆ ಆ ನಷ್ಟ ಯಾರಿಗೆಷ್ಟು ಎಂಬುದನ್ನು ಸರ್ವೇಯರ್‌ಗೆ ಫೋನ್ ಮಾಡುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕೊಂಡದ್ದೇ ಆದರೆ ಆ ಕಾಗದ ಮತ್ತೆ ಬೇಕಾಗುತ್ತದೆ: ಹಳೆಯ ದೋಣಿಗೆ ವಿಮೆ ಕೊಡುವ ಮುನ್ನ ಹಲವು ಕಂಪನಿಗಳು ಕೇಳುವುದು ಇದೇ ಸರ್ವೇ ವರದಿಯನ್ನು.